ಟೀಮ್ ಅಂದರೆ ಮೊದಲು ಎತ್ತಿನ ಜೋಡಿ

ಮೊನ್ನೆ ಆಫೀಸಿನಲ್ಲಿ ಒಂದು ದಿನದ ತರಬೇತಿ ಇತ್ತು. ಗೋಡೆಯ ಮೇಲೆ ದೊಡ್ಡ ಪೋಸ್ಟರ್. ಟಿ ಅಂದರೆ ಟುಗೆದರ್, ಇ ಅಂದರೆ ಎವೆರಿವನ್, ಎ ಅಂದರೆ ಅಚೀವ್ಸ್, ಎಂ ಅಂದರೆ ಮೋರ್. ‘ಟೀಮ್ ಅನ್ನೋ ಪದ ಹುಟ್ಟಿದ್ದೇ ಹೀಗೆ’ ಎಂದರು ತರಬೇತಿ ಕೊಡಲು ಬಂದವರು. ಎಲ್ಲರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಊಟದ ಹೊತ್ತಾಗಿತ್ತು, ಸುಮ್ನೆ ವಾದ ಯಾಕೆ?

ಆದರೆ ಅದು ಅಪ್ಪಟ ಸುಳ್ಳು. ಟೀಮ್ ಸಾವಿರ ವರ್ಷಕ್ಕೂ ಹಳೆಯ ಪದ. ಅದರ ಅಕ್ಷರಕ್ಕೊಂದು ಪದ ಜೋಡಿಸಿ ಅರ್ಥ ಹುಟ್ಟಿಸಿದ್ದು ಆಮೇಲೆ.

ಹಳೆಯ ಇಂಗ್ಲಿಷಿನಲ್ಲಿ ಟೀಮ್ ಅಂದರೆ ಸಂತಾನ. ಮಕ್ಕಳುಮರಿ, ವಂಶ, ಒಂದೇ ಸೂಲಿನ ಮರಿಗಳು. ಇವತ್ತಿಗೂ ಕಿಕ್ಕಿರಿದು ತುಂಬಿರುವುದಕ್ಕೆ ಇಂಗ್ಲಿಷಿನಲ್ಲಿ ‘ಟೀಮಿಂಗ್’ ಎನ್ನುತ್ತಾರಲ್ಲ, ಅದು ಇದರ ಒಡಹುಟ್ಟು. ಅದರ ಮೊದಲ ಅರ್ಥ ಹೆರುವುದು. ಸಂತಾನದ ಜೊತೆಗೆ ಟೀಮ್‌ಗೆ ಇನ್ನೊಂದು ಅರ್ಥವೂ ಇತ್ತು: ಭಾರ ಎಳೆಯಲು ಒಟ್ಟಿಗೆ ಕಟ್ಟಿದ ಪ್ರಾಣಿಗಳು. ನೇಗಿಲಿಗೆ ಹೂಡಿದ ಎತ್ತುಗಳು ಒಂದು ಟೀಮ್. ಬಂಡಿಗೆ ಕಟ್ಟಿದ ಕುದುರೆಗಳು ಒಂದು ಟೀಮ್. ಒಟ್ಟಿಗೆ ಕೆಲಸ ಮಾಡುವ ಮನುಷ್ಯರಿಗೆ ಈ ಹೆಸರು ಅಂಟಿದ್ದು ಎಷ್ಟೋ ಕಾಲದ ಮೇಲೆ, 16ನೇ ಶತಮಾನದಲ್ಲಿ.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ‘ಎಳೆ’, ‘ನಡೆಸಿಕೊಂಡು ಹೋಗು’ ಎಂಬ ಅರ್ಥದ ಒಂದು ಪುರಾತನ ಧಾತು ಅದು. ಕೆಟ್ಟು ನಿಂತ ಗಾಡಿಯನ್ನು ಟೋಯಿಂಗ್ ಮಾಡ್ತಾರಲ್ಲ, ಆ ಪದವೂ ಅಲ್ಲಿಂದಲೇ ಬಂದದ್ದು. ಅದೇ ಧಾತು ಲ್ಯಾಟಿನ್‌ನಲ್ಲಿ ಬೇರೆ ದಾರಿ ಹಿಡಿದು, ಮುಂದೆ ನಿಂತು ನಡೆಸುವ ದೊರೆ ಡ್ಯೂಕ್ ಆಯಿತು, ಕಂಡಕ್ಟರ್ ಆಯಿತು. ಅಂದರೆ ಎಳೆಯುವವನೂ ಎಳೆಸುವವನೂ ದಾಯಾದಿಗಳು! ನನಗೆ ಇದು ಬಹಳ ಇಷ್ಟವಾಯಿತು.

ಈಗ ನನ್ನ ತಕರಾರಿಗೆ ಬರ್ತೀನಿ. ಎತ್ತುಗಳು ತಾವಾಗಿಯೇ ಬಂದು ಟೀಮ್ ಆಗುವುದಿಲ್ಲ. ಯಾರೋ ಹಿಡಿದು ತಂದು ನೊಗ ಕಟ್ಟಬೇಕು. ಹಾಗೆ ಕಟ್ಟಿ ಹೊಡೆಯುವವನಿಗೆ ಇಂಗ್ಲಿಷಿನಲ್ಲಿ ಬೇರೆಯೇ ಹೆಸರಿತ್ತು, ಟೀಮ್‌ಸ್ಟರ್. ಅಮೆರಿಕದ ಬಂಡಿ ಹೊಡೆಯುವವರು 1903ರಲ್ಲಿ ಅದೇ ಹೆಸರಿನ ಕಾರ್ಮಿಕ ಸಂಘ ಕಟ್ಟಿದರು. ಬಂಡಿ ಹೋಗಿ ಲಾರಿ ಬಂತು, ಸಂಘ ಇನ್ನೂ ಇದೆ. ಅದರ ಲಾಂಛನದಲ್ಲಿ ಈಗಲೂ ಎರಡು ಕುದುರೆಗಳ ತಲೆ, ಒಂದು ಚಕ್ರ. ಪಾಪ, ಆ ಜನ ಟೀಮ್ ಯಾವುದು, ಹೊಡೆಯುವವನು ಯಾರು ಅನ್ನೋದನ್ನ ಗೊಂದಲ ಮಾಡಿಕೊಂಡಿರಲಿಲ್ಲ.

ನಾವು ಮಾಡಿಕೊಂಡಿದ್ದೇವೆ. ‘ನಾವೆಲ್ಲ ಒಂದೇ ಟೀಮ್’ ಎಂದು ಹೇಳುವವರು ಯಾವಾಗಲೂ ಹಗ್ಗ ಹಿಡಿದವರೇ. ಶನಿವಾರ ಬರಬೇಕಾದಾಗ ನಾವು ಟೀಮ್. ಸಂಬಳ ಎಷ್ಟು ಏರಿಸಬೇಕು ಎಂದು ಮಾತಾಡುವಾಗ ಮಾತ್ರ ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಾರೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಈ ಮಾತಿಗೆ ಕರಗಿ ಎಷ್ಟು ರಾತ್ರಿ ಕೂತಿದ್ದೇನೋ ಲೆಕ್ಕವಿಲ್ಲ.

ಟೀಮ್ ಸಾಲದು ಅನ್ನಿಸಿದರೆ ‘ನಾವೊಂದು ಫ್ಯಾಮಿಲಿ’ ಎನ್ನುತ್ತಾರೆ. ಅದರ ಕಥೆ ಇನ್ನೂ ಚೆನ್ನಾಗಿದೆ. ಲ್ಯಾಟಿನ್‌ನಲ್ಲಿ ಫಾಮುಲುಸ್ ಅಂದರೆ ಆಳು, ಗುಲಾಮ. ಒಬ್ಬ ಯಜಮಾನನ ಮನೆಯ ಆಳುಗಳೆಲ್ಲ ಸೇರಿ ಫಾಮಿಲಿಯಾ. ಇಂಗ್ಲಿಷಿಗೆ ಬಂದಾಗಲೂ ಆ ಪದಕ್ಕೆ ಮನೆಯ ಆಳುಕಾಳು ಎಂಬ ಅರ್ಥವಿತ್ತು. ಅಪ್ಪ, ಅಮ್ಮ, ಮಕ್ಕಳು ಎಂಬ ಈಗಿನ ಅರ್ಥ ಗಟ್ಟಿಯಾದದ್ದು ಆಮೇಲೆ. ಆ ಲೆಕ್ಕದಲ್ಲಿ ಕಂಪನಿಯವರು ನಮ್ಮನ್ನು ಫ್ಯಾಮಿಲಿ ಎಂದಾಗ ಅಪ್ಪಟ ನಿಜವನ್ನೇ ಹೇಳುತ್ತಿರುತ್ತಾರೆ, ಅಲ್ವಾ?

ಪದದ ಹುಟ್ಟೇ ಅದರ ಇವತ್ತಿನ ಅರ್ಥ ಆಗಬೇಕಿಲ್ಲ ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ಕ್ರಿಕೆಟ್ ಟೀಮ್ ಎಂದಾಗ ಯಾರಿಗೂ ನೊಗ ನೆನಪಾಗುವುದಿಲ್ಲ, ನೆನಪಾಗಬೇಕಾಗಿಯೂ ಇಲ್ಲ. ಆದರೆ ಕೆಲವು ಪದಗಳು ಹಳೆಯ ವಾಸನೆ ಬಿಡುವುದಿಲ್ಲ. ನಮ್ಮ ‘ಹೂಡು’ ನೋಡಿ. ಎತ್ತನ್ನೂ ಹೂಡುತ್ತೇವೆ, ಬಂಡವಾಳವನ್ನೂ ಹೂಡುತ್ತೇವೆ. ದುಡ್ಡು ಹೂಡಿದವನು ಮನುಷ್ಯರನ್ನೂ ಹೂಡಲು ಹೊರಟರೆ ಭಾಷೆಗೆ ಆಶ್ಚರ್ಯ ಆಗುವುದಿಲ್ಲ.

ನೊಗದ ಬಗ್ಗೆ ಒಂದು ಮಾತು ಹೇಳಲೇಬೇಕು. ಜೋಡಿಯಲ್ಲಿ ಒಂದು ಎತ್ತು ಬಡಕಲಾಗಿದ್ದರೆ, ಅನುಭವಸ್ಥ ಅದಕ್ಕೆ ಬಾರುಕೋಲು ತೋರಿಸುವುದಿಲ್ಲ. ನೊಗದಲ್ಲಿ ಭಾರ ಕಟ್ಟುವ ಜಾಗವನ್ನು ನಡುವಿನಿಂದ ಬಲವಾದ ಎತ್ತಿನ ಕಡೆಗೆ ಸ್ವಲ್ಪ ಸರಿಸುತ್ತಾನೆ. ಬಡಕಲು ಎತ್ತಿನ ಕಡೆ ನೊಗ ಉದ್ದವಾಗುತ್ತದೆ, ಅದರ ಪಾಲಿನ ಭಾರ ಇಳಿಯುತ್ತದೆ. ಸನ್ನೆಕೋಲಿನ ಲೆಕ್ಕ ಅಷ್ಟೇ. ಎರಡೂ ಒಂದೇ ಹೆಜ್ಜೆಯಲ್ಲಿ ನಡೆಯುತ್ತವೆ.

ಊಟ ಮುಗಿದ ಮೇಲೆ ತರಬೇತಿಯವರು ‘ಯಾರಿಗಾದರೂ ಪ್ರಶ್ನೆ ಇದೆಯಾ?’ ಎಂದರು. ಹೊಟ್ಟೆ ತುಂಬಿತ್ತು, ಧೈರ್ಯ ಬಂದಿತ್ತು. ಕೈ ಎತ್ತಿ ಇದನ್ನೇ ಕೇಳಿದೆ: ನಮ್ಮಲ್ಲಿ ಯಾರಾದರೂ ದಣಿದರೆ ನೊಗ ಸರಿಸುವ ಕೆಲಸ ಯಾರದ್ದು ಸಾರ್?

ಅವರು ನಕ್ಕರು. ‘ಒಳ್ಳೇ ಪ್ರಶ್ನೆ, ಬ್ರೇಕ್‌ನಲ್ಲಿ ಮಾತಾಡೋಣ’ ಎಂದರು. ಬ್ರೇಕ್‌ನಲ್ಲಿ ಅವರು ಫೋನಿನಲ್ಲಿದ್ದರು.