ಕೂಡಿದ ಮೂಳೆ ನಾಗರಿಕತೆಯ ಗುರುತಲ್ಲ

ಒಂದು ಫಾರ್ವರ್ಡ್ ಮತ್ತೆ ಮತ್ತೆ ಬರುತ್ತಿದೆ. ನಾಗರಿಕತೆಯ ಮೊದಲ ಗುರುತು ಯಾವುದು ಎಂದು ವಿದ್ಯಾರ್ಥಿ ಕೇಳಿದನಂತೆ. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 'ಮುರಿದು ಕೂಡಿದ ತೊಡೆಮೂಳೆ' ಎಂದರಂತೆ. ಮೂಳೆ ಕೂಡುವ ತನಕ ಯಾರೋ ಆರೈಕೆ ಮಾಡಿರಬೇಕು, ಅದೇ ನಾಗರಿಕತೆ ಅನ್ನೋದು ಅದರ ತರ್ಕ. ಕೇಳಲು ಚೆಂದ. ಆದರೆ ಮೀಡ್ ಬರಹಗಳಲ್ಲಿ ಈ ಮಾತು ಸಿಕ್ಕಿಲ್ಲ. ಅವರು ತೀರಿಕೊಂಡಿದ್ದು 1978ರಲ್ಲಿ. ಅವರ ಭಾಷಣದಲ್ಲಿ ಹೀಗೆ ಕೇಳಿದ್ದೆ ಎಂದು ವೈದ್ಯ ಪಾಲ್ ಬ್ರ್ಯಾಂಡ್ ಬರೆದ ಪುಸ್ತಕ ಬಂದಿದ್ದು 1980ರಲ್ಲಿ.

ಯಾರು ಹೇಳಿದರು ಅನ್ನೋದು ಬಿಡಿ, ಮಾತೇ ಸರಿಯಿಲ್ಲ. ಇರಾಕಿನ ಶಾನಿದಾರ್ ಗುಹೆಯಲ್ಲಿ ಒಬ್ಬ ನಿಯಾಂಡರ್ತಾಲ್ (ಈಗ ಅಳಿದುಹೋದ ಪ್ರಾಚೀನ ಮಾನವರು) ಗಂಡಸಿನ ಅಸ್ಥಿಪಂಜರ ಸಿಕ್ಕಿತು. 40 ಸಾವಿರ ವರ್ಷಕ್ಕೂ ಹಳೆಯದು. ಬಲಗೈ ಸೊರಗಿದೆ, ಮೊಣಕೈಯಿಂದ ಕೆಳಗೆ ಇಲ್ಲವೇ ಇಲ್ಲ. ಎಡಗಣ್ಣಿನ ಪಕ್ಕ ಜೋರು ಪೆಟ್ಟು. ಆದರೂ ಆ ಗಾಯಗಳು ಮಾಗಿವೆ, ಆತ ವರ್ಷಗಟ್ಟಲೆ ಬದುಕಿದ್ದ. ಯಾರೋ ನೋಡಿಕೊಂಡಿರಬೇಕು ಅಲ್ವಾ? ಆಗ ಊರೂ ಇರಲಿಲ್ಲ, ಹೊಲವೂ ಇರಲಿಲ್ಲ. ಕಾಡಿನ ವಾನರ ಗಿಬ್ಬನ್‌ಗಳಲ್ಲೂ ಮುರಿದು ಕೂಡಿದ ಮೂಳೆಗಳು ಕಂಡಿವೆ.

ಆರೈಕೆ ದೊಡ್ಡದೇ. ಆದರೆ ಇತಿಹಾಸಕಾರರು ನಾಗರಿಕತೆ ಅನ್ನೋದು ಬೇರೆಯದಕ್ಕೆ. ಪುರಾತತ್ವಜ್ಞ ಗಾರ್ಡನ್ ಚೈಲ್ಡ್ 1950ರಲ್ಲಿ ಅದಕ್ಕೆ ಹತ್ತು ಲಕ್ಷಣ ಕೊಟ್ಟರು: ದೊಡ್ಡ ಊರು, ಉಳಿಕೆ ಧಾನ್ಯ, ತೆರಿಗೆ, ಬರವಣಿಗೆ ಇತ್ಯಾದಿ. ಅದೂ ಪಕ್ಕಾ ಅಳತೆಗೋಲಲ್ಲ. ದಕ್ಷಿಣ ಅಮೆರಿಕದ ಇಂಕಾಗಳಿಗೆ ಲಿಪಿ ಇರಲಿಲ್ಲ, ದಾರದ ಗಂಟುಗಳಲ್ಲೇ ಲೆಕ್ಕ ಇಟ್ಟು ಸಾಮ್ರಾಜ್ಯ ನಡೆಸಿದರು.

ಕಥೆ ಬರೆಯುವವರಿಗೆ ಆ ತೊಡೆಮೂಳೆ ಒಳ್ಳೆಯ ಸಾಮಗ್ರಿ, ಧಾರಾಳವಾಗಿ ಬಳಸಲಿ. ಸುಮ್ನೆ ಮೀಡ್ ಹೆಸರು ಹಾಕಿ ಇತಿಹಾಸ ಅಂತ ಹಂಚುವುದು ಬೇಡ.