ದಂಡ ಹಾಕಿ, ಬಸ್ಸೂ ಬಿಡಿ

ಗೂಡ್ಸ್ ಗಾಡಿಯಲ್ಲಿ ಕೂಲಿಯವರನ್ನು ತುಂಬಿಕೊಂಡು ಹೋಗುವವರಿಗೆ ದಂಡ ಜಾಸ್ತಿ ಮಾಡಬೇಕು ಅಂತ ನಿಮ್ಮ ಪತ್ರಿಕೆಯಲ್ಲಿ ಬರೆದಿದ್ದೀರಿ. ಮಾಡಲಿ, ಬೇಡ ಅನ್ನಲ್ಲ. ಆದರೆ ಕೂಲಿಗೆ ಹೋಗುವ ಆ ಹೆಣ್ಣುಮಕ್ಕಳು ಏನು ಶೋಕಿಗೆ ಹತ್ತುತ್ತಾರಾ?

ಬ್ಯಾಡಗಿ ಕಡೆ ಮೆಣಸಿನಕಾಯಿ ಬಿಡಿಸುವಾಗ ಬೆಳಗ್ಗೆ ಒಮ್ಮೆ ರಸ್ತೆಗೆ ಬಂದು ನೋಡಿ. ಮಡಿಲಲ್ಲಿ ಬುತ್ತಿ ಗಂಟು, ಒಂದು ಕೈ ಕಬ್ಬಿಣದ ಸರಳಿನ ಮೇಲೆ. ಅಂಚಿಗೆ ಕೂತವರ ಕಾಲು ಹೊರಗೇ. ಹಿಂದಿನ ಬಾಗಿಲಿಗೆ ಹಗ್ಗ ಬಿಗಿದಿರುತ್ತಾರೆ, ಅಷ್ಟೇ ಭದ್ರತೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಇವರಿಗೆಲ್ಲ ಬಸ್ ಪುಕ್ಕಟೆ. ಆದರೂ ಈ ಗೂಡ್ಸ್ ಗಾಡಿಯನ್ನೇ ಹತ್ತುತ್ತಾರೆ. ಯಾಕಂದ್ರೆ ಬಸ್ ಬರುವಷ್ಟರಲ್ಲಿ ಹೊಲದಲ್ಲಿ ಕೆಲಸ ಶುರುವಾಗಿರುತ್ತದೆ. ಇಳಿದ ಮೇಲೂ ನಡೆಯಬೇಕು. ಗಾಡಿಯಾದರೆ ಬದುವಿನ ತನಕ ಬಿಡುತ್ತದೆ. ಮೇಸ್ತ್ರಿ ಕಳಿಸಿದ ಗಾಡಿ ಬೇಡ ಅಂದವರನ್ನು ನಾಳೆ ಕೂಲಿಗೆ ಯಾರು ಕರೀತಾರೆ?

ಇದಕ್ಕಿಂತ ದೊಡ್ಡ ಸಂಕಟ ಗಾಡಿ ಪಲ್ಟಿಯಾದ ಮೇಲೆ. ಸರಕಿನ ಗಾಡಿಯಲ್ಲಿ ಸುಮ್ನೆ ಹತ್ತಿಸಿಕೊಂಡವರಿಗೆ ವಿಮಾ ಕಂಪನಿ ಹೊಣೆಯಲ್ಲ ಅಂತ ಸುಪ್ರೀಂ ಕೋರ್ಟೇ ಆಶಾ ರಾಣಿ ಪ್ರಕರಣದಲ್ಲಿ ಹೇಳಿದೆ. ಇಎಸ್‌ಐ (ನೌಕರರ ರಾಜ್ಯ ವಿಮೆ) ಇರುವ ಕಾರ್ಖಾನೆಯವರಿಗೆ 2010ರ ತಿದ್ದುಪಡಿ ಆದಮೇಲೆ ಕೆಲಸಕ್ಕೆ ಹೋಗಿಬರುವ ದಾರಿಯ ಅಪಘಾತಕ್ಕೂ ಪರಿಹಾರ ಕೇಳುವ ದಾರಿ ಇದೆ. ಹೊಲದ ಕೂಲಿಯವರಿಗೆ ಇಎಸ್‌ಐ ಎಲ್ಲಿಂದ ಬರಬೇಕು?

ಜಾತ್ರೆಗೆ ಹೆಚ್ಚಿನ ಬಸ್ ಬಿಡುತ್ತಾರೆ ಅಲ್ವಾ, ಸುಗ್ಗಿಗೂ ಬಿಡಲಿ. ವಾಯವ್ಯ ಸಾರಿಗೆಯವರು ಹಾವೇರಿ, ಗದಗ ಕಡೆ ಬೆಳಗಿನ ಮೊದಲ ಟ್ರಿಪ್ಪನ್ನು ಸುಗ್ಗಿಯ ಎರಡು ತಿಂಗಳು ಒಂದು ತಾಸು ಮುಂಚೆ ಬಿಟ್ಟರೂ ಸಾಕು. ದಂಡವೂ ಡ್ರೈವರ್ ಒಬ್ಬನ ತಲೆಗೇ ಬೇಡ, ಗಾಡಿ ಕರೆಸಿದವರಿಗೂ ಬೀಳಲಿ.