ಹಿಟ್‌ಗಳ ಲೆಕ್ಕ ಬದಿಗಿಡಿ, ಕಂಠ ಕೇಳಿ: ಕಂಟ್ರಿ ಸಂಗೀತದ ದೊಡ್ಡ ಗಾಯಕರು ಯಾರು?

ಅಮೆರಿಕದ ಹಳ್ಳಿಗಾಡಿನಲ್ಲಿ ಹುಟ್ಟಿದ ಕಂಟ್ರಿ ಸಂಗೀತದ ಅತ್ಯುತ್ತಮ ಗಾಯಕ ಯಾರು ಅಂತ ಚರ್ಚೆ ಎದ್ದರೆ ಮೊದಲು ಬರುವ ಹೆಸರು ಜಾನಿ ಕ್ಯಾಶ್. ಆಮೇಲೆ ಹ್ಯಾಂಕ್ ವಿಲಿಯಮ್ಸ್, ಆಮೇಲೆ ಜಾರ್ಜ್ ಸ್ಟ್ರೇಟ್. ಮೂವರೂ ದೊಡ್ಡವರೇ, ತಕರಾರಿಲ್ಲ. ಆದರೆ ಕ್ಯಾಶ್ ಅನ್ನುವವರು ವ್ಯಕ್ತಿತ್ವ ನೋಡುತ್ತಿದ್ದಾರೆ, ಹ್ಯಾಂಕ್ ಅನ್ನುವವರು ಬರೆದ ಹಾಡುಗಳನ್ನು ನೋಡುತ್ತಿದ್ದಾರೆ, ಸ್ಟ್ರೇಟ್ ಅನ್ನುವವರು ಹಿಟ್ ಎಣಿಸುತ್ತಿದ್ದಾರೆ. ಯಾರು ಚೆನ್ನಾಗಿ ಹಾಡಿದರು ಅನ್ನುವ ಪ್ರಶ್ನೆ ಮಾತ್ರ ಹಾಗೇ ಉಳಿದುಬಿಡುತ್ತದೆ. ಅದೊಂದನ್ನೇ ಹಿಡಿದು ಕೂತರೆ ನನ್ನ ಪಟ್ಟಿಯ ಮೇಲ್ತುದಿಯಲ್ಲಿ ಜಾರ್ಜ್ ಜೋನ್ಸ್ ಇರುತ್ತಾನೆ, ಮೊದಲ ಐವರಲ್ಲಿ ಲೆಫ್ಟಿ ಫ್ರಿಜೆಲ್ ಇರಲೇಬೇಕು, ಜಾನಿ ಕ್ಯಾಶ್ ಹತ್ತರೊಳಗೆ ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಮೊದಲು ಹಿಟ್ ಲೆಕ್ಕ ಮುಗಿಸೋಣ. ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಕಂಟ್ರಿ ಪಟ್ಟಿಯಲ್ಲಿ ಜಾರ್ಜ್ ಸ್ಟ್ರೇಟ್‌ಗೆ 44 ನಂಬರ್ ಒನ್, ಕಾನ್ವೇ ಟ್ವಿಟಿಗೆ 40, ಮರ್ಲ್ ಹ್ಯಾಗರ್ಡ್‌ಗೆ 38. ಸ್ಟ್ರೇಟ್ ಅಭಿಮಾನಿಗಳು 60 ಅನ್ನುವುದು ಬೇರೆ ಪತ್ರಿಕೆಗಳ ಪಟ್ಟಿಗಳನ್ನೂ ಸೇರಿಸಿಕೊಂಡು. ಲೆಫ್ಟಿಗೆ ಬರೀ 6. ಈ ಅಂಕಿಗಳನ್ನು ಪಕ್ಕಪಕ್ಕ ಇಟ್ಟು ತೂಗಲು ಬರುವುದಿಲ್ಲ. ರೇ ಪ್ರೈಸ್‌ನ ‘ಕ್ರೇಜಿ ಆರ್ಮ್ಸ್’ 1956ರಲ್ಲಿ 20 ವಾರ ಮೇಲೆ ಕೂತಿತ್ತು. 1980ರ ದಶಕದ ನಡುವೆ ಹೆಚ್ಚುಕಡಿಮೆ ವಾರಕ್ಕೊಂದು ಹಾಡು ಮೇಲೆ ಬಂದು ಮರುವಾರ ಇಳಿಯುತ್ತಿತ್ತು. ಲೆಕ್ಕಕ್ಕೆ ಎರಡೂ ಒಂದೊಂದೇ. 1958ರ ಅಕ್ಟೋಬರ್‌ವರೆಗೆ ಅಂಗಡಿ ಮಾರಾಟ, ಜೂಕ್‌ಬಾಕ್ಸ್, ರೇಡಿಯೋ ಅಂತ ಬೇರೆಬೇರೆ ಪಟ್ಟಿಗಳಿದ್ದವು, ಆಮೇಲೆ ಒಂದೇ ಆಯಿತು. 1990ರಲ್ಲಿ ರೇಡಿಯೋ ಪ್ರಸಾರವನ್ನು ಯಂತ್ರದಿಂದ ಎಣಿಸತೊಡಗಿದರು, 2012ರಲ್ಲಿ ಸ್ಟ್ರೀಮಿಂಗ್ ಕೂಡ ಸೇರಿತು. ಅಳತೆಗೋಲೇ ಮೂರು ಸಲ ಬದಲಾಗಿದೆ. ಅಷ್ಟೇಕೆ, ಸ್ಟ್ರೇಟ್ ಅಂದರೆ ಎಲ್ಲರ ಬಾಯಲ್ಲಿ ಬರುವ ‘ಅಮರಿಲೋ ಬೈ ಮಾರ್ನಿಂಗ್’ ನಂಬರ್ ಒನ್ ಆಗಲೇ ಇಲ್ಲ, 4ಕ್ಕೆ ನಿಂತಿತು.

ಹಾಗಾದರೆ ಅಳೆಯುವುದು ಹೇಗೆ? ಒಂದೇ ಹಾಡನ್ನು ಇಬ್ಬರು ಮೂವರು ಗಾಯಕರಿಂದ ಕೇಳಿ, ಹೆಡ್‌ಫೋನ್ ಹಾಕಿಕೊಂಡು. ಮೊದಲ ಸಲ ಕೇಳುವಾಗ ಸ್ವರಾಕ್ಷರಗಳ ಮೇಲೆ ಕಿವಿ ಇರಲಿ: ‘ಆ’, ‘ಏ’, ‘ಓ’ಗಳನ್ನು ಎಷ್ಟು ಹೊತ್ತು ಹಿಡಿಯುತ್ತಾನೆ, ಹಿಡಿದಲ್ಲೇ ನಿಲ್ಲುತ್ತಾನಾ, ಜಾರುತ್ತಾನಾ? ಎರಡನೇ ಸಲ ಉಸಿರು: ಸಾಲಿನ ಅರ್ಥ ಮುರಿಯದಂತೆ ಉಸಿರೆಳೆಯುತ್ತಾನಾ? ಮೂರನೇ ಸಲ ತಾಳ: ಪೆಟ್ಟಿನ ಮೇಲೆ ಹಾಡುತ್ತಾನಾ, ಹಿಂದೆ ಉಳಿದು ಆಮೇಲೆ ಬಂದು ಸೇರಿಕೊಳ್ಳುತ್ತಾನಾ? ಗಟ್ಟಿ ದನಿ, ದೊಡ್ಡ ಶ್ರೇಣಿ ಇವೆಲ್ಲ ಆಮೇಲಿನ ಮಾತು. ಕಂಟ್ರಿ ಹಾಡಿನ ರಾಗ ಸಾಮಾನ್ಯವಾಗಿ ಸರಳ, ಮೂರೋ ನಾಲ್ಕೋ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ). ಗಾಯಕನ ಕಸುಬೆಲ್ಲ ಮಾತಿನೊಳಗೇ ನಡೆಯಬೇಕು.

ಇಲ್ಲಿ ಎಡವುವುದು ಸುಲಭ. ಆ ಕಾಲದ ಗಾಯಕರು ಕಂಪನಿ ಬದಲಿಸಿದಾಗ ಹಳೇ ಹಿಟ್‌ಗಳನ್ನೇ ಮತ್ತೆ ಹಾಡಿ ರೆಕಾರ್ಡ್ ಮಾಡುತ್ತಿದ್ದರು. ಜೋನ್ಸ್ ಮ್ಯೂಸಿಕಾರ್ ಕಂಪನಿಗೆ ಹಾಗೆ ಮಾಡಿದ್ದಾನೆ. ಸ್ಟ್ರೀಮಿಂಗ್‌ನಲ್ಲಿ ಮೊದಲಿನದು, ಮರು ರೆಕಾರ್ಡಿಂಗ್ ಎರಡೂ ಒಂದೇ ಹೆಸರಲ್ಲಿ ಸಿಗುತ್ತವೆ. ಹ್ಯಾಂಕ್ ತೀರಿಕೊಂಡ ಮೇಲೆ ಎಂಜಿಎಂ ಕಂಪನಿ ಅವನ ಹಾಡುಗಳಿಗೆ ವಯಲಿನ್ ತಂಡ ಸೇರಿಸಿ ಮಾರಿತು. ಅದನ್ನು ಕೇಳಿ ಹ್ಯಾಂಕ್ ಬಗ್ಗೆ ತೀರ್ಪು ಕೊಡಬಾರದು. ಹಾಡಿನ ವರ್ಷ, ಕಂಪನಿ, ಅವಧಿ ನೋಡಿಕೊಂಡೇ ಒತ್ತಿ. ಇನ್ನು 1997ರಲ್ಲಿ ಶ್ರುತಿ ತಿದ್ದುವ ತಂತ್ರಾಂಶ ಆಟೋಟ್ಯೂನ್ ಬಂದಮೇಲಿನ ಗಾಯಕರನ್ನು ಸ್ಟುಡಿಯೋ ಹಾಡಿನಿಂದಷ್ಟೇ ಅಳೆಯಬೇಡಿ, ಲೈವ್ ಕೇಳಿ.

ಈಗ ಜಾರ್ಜ್ ಜೋನ್ಸ್. ಹುಟ್ಟಿದ್ದು 1931ರಲ್ಲಿ, ಟೆಕ್ಸಸ್‌ನ ಸಾರಟೋಗದಲ್ಲಿ. 1955ರ ‘ವೈ ಬೇಬಿ ವೈ’ ಕೇಳಿದರೆ ಹ್ಯಾಂಕ್ ವಿಲಿಯಮ್ಸ್‌ನ ನೆರಳು ಎದ್ದು ಕಾಣುತ್ತದೆ. 1962ರ ‘ಶಿ ಥಿಂಕ್ಸ್ ಐ ಸ್ಟಿಲ್ ಕೇರ್’ ಹೊತ್ತಿಗೆ ದನಿ ಪೂರ್ತಿ ಅವನದೇ. ಅವನ ಪಟ್ಟು ಏನೆಂದರೆ ಹಲ್ಲು ಹೆಚ್ಚು ಬಿಡಿಸದೆ, ಬಾಯಿ ಅರ್ಧವೇ ತೆರೆದು, ಸ್ವರವನ್ನು ಕೆಳಗಿನಿಂದ ಎತ್ತಿಕೊಂಡು ಹೋಗುವುದು. ಅವನು ಸ್ವರವನ್ನು ನೇರವಾಗಿ ಮುಟ್ಟುವುದು ಅಪರೂಪ. ಒಂದೇ ಅಕ್ಷರದೊಳಗೆ ಮಂದ್ರದಿಂದ ಹೊರಟು ಮೇಲೆ ಜಾರಿ, ಒಂದು ಸುತ್ತು ಸುತ್ತಿ, ಮತ್ತೆ ಇಳಿಯುತ್ತಾನೆ. ನಮ್ಮವರಿಗೆ ಇದನ್ನು ಗುರುತಿಸುವುದು ಕಷ್ಟವಾಗಬಾರದು, ಗಮಕ ಕೇಳಿ ಬೆಳೆದ ಕಿವಿಗಳು.

1974ರ ‘ದ ಗ್ರ್ಯಾಂಡ್ ಟೂರ್’ ತೆಗೆದುಕೊಳ್ಳಿ. ಒಬ್ಬ ಮನುಷ್ಯ ಬಂದವರಿಗೆ ತನ್ನ ಮನೆ ತೋರಿಸುತ್ತಾನೆ, ಕೋಣೆ ಕೋಣೆಯಾಗಿ. ಹೆಂಡತಿ ಬಿಟ್ಟುಹೋಗಿದ್ದಾಳೆ. ಮೊದಲ ಸಾಲು ಹೆಚ್ಚುಕಡಿಮೆ ಮಾತು, ಕರೆಯುವವನ ದನಿ. ಕುರ್ಚಿ, ಹಾಸಿಗೆ, ಬಟ್ಟೆಬರೆ ಅಂತ ಮುಂದೆ ಹೋದಂತೆ ಸ್ವರ ಒಂದೊಂದೇ ಮೆಟ್ಟಿಲು ಏರುತ್ತದೆ, ಆದರೆ ಅವನು ಗಟ್ಟಿ ಮಾಡುವುದಿಲ್ಲ, ಬಿಗಿ ಮಾಡುತ್ತಾನೆ. ಮಗುವಿನ ಕೋಣೆ ಬರುವಾಗ ಗಂಟಲು ಕಟ್ಟಿದಂತೆ ಕೇಳಿಸುತ್ತದೆ, ಆದರೂ ಶ್ರುತಿ ಒಂದು ಎಳೆ ತಪ್ಪುವುದಿಲ್ಲ. ಅಳು ಬಂದಾಗ ಶ್ರುತಿ ಹೋಗುತ್ತದೆ, ಶ್ರುತಿ ಹಿಡಿದರೆ ಅಳು ಹೋಗುತ್ತದೆ. ಎರಡನ್ನೂ ಒಟ್ಟಿಗೆ ನಿಲ್ಲಿಸಿದವನು ಇವನೊಬ್ಬ.

1980ರ ‘ಹಿ ಸ್ಟಾಪ್ಡ್ ಲವಿಂಗ್ ಹರ್ ಟುಡೇ’ ಎಲ್ಲ ಪಟ್ಟಿಗಳಲ್ಲೂ ಇರುತ್ತದೆ, ಇರಬೇಕು ಕೂಡ. ನಿರ್ಮಾಪಕ ಬಿಲ್ಲಿ ಶೆರಿಲ್ ಅದನ್ನು ಮುಗಿಸಲು ಪಟ್ಟ ಪಾಡು ಪ್ರಸಿದ್ಧ. ಜೋನ್ಸ್ ಆಗ ಕುಡಿತದಲ್ಲಿ ಮುಳುಗಿದ್ದ. ರಾಗ ತಪ್ಪಿ ‘ಹೆಲ್ಪ್ ಮಿ ಮೇಕ್ ಇಟ್ ಥ್ರೂ ದ ನೈಟ್’ ಧಾಟಿಗೆ ಜಾರುತ್ತಿದ್ದ. ನಡುವೆ ಬರುವ ಮಾತಿನ ಭಾಗವನ್ನು ತಿಂಗಳುಗಟ್ಟಲೆ ಕಾದು ಆಮೇಲೆ ರೆಕಾರ್ಡ್ ಮಾಡಬೇಕಾಯಿತು. ಕುಡಿದಾಗಲೂ ಹಾಡುತ್ತಿದ್ದ, ಆದರೆ ಮಾತು ತೊದಲುತ್ತಿತ್ತು. ಆ ಹಾಡಿನಲ್ಲಿ ಪಲ್ಲವಿಗೆ ಬರುವಾಗ ವಯಲಿನ್‌ಗಳು ಮೇಲೇರುತ್ತವೆ, ಅಬ್ಬರವೆಲ್ಲ ಅವುಗಳದ್ದೇ. ಜೋನ್ಸ್ ಮಾತ್ರ, ಸಾಯುವವರೆಗೂ ಒಬ್ಬಳನ್ನೇ ಪ್ರೀತಿಸಿದವನ ಸಾವಿನ ಸುದ್ದಿಯನ್ನು ಪಕ್ಕದ ಮನೆಯವನ ಹಾಗೆ ಹೇಳುತ್ತಾನೆ.

ಆದರೆ ಜೋನ್ಸ್‌ಗೆ ಈ ಜಾರು ಬಂದದ್ದು ಎಲ್ಲಿಂದ? ಲೆಫ್ಟಿಯಿಂದ. ಲೆಫ್ಟಿ ಫ್ರಿಜೆಲ್ 1928ರಲ್ಲಿ ಟೆಕ್ಸಸ್‌ನ ಕಾರ್ಸಿಕಾನಾದಲ್ಲಿ ಹುಟ್ಟಿದ. 1950ರಲ್ಲಿ ಡಲಾಸ್‌ನ ಜಿಮ್ ಬೆಕ್ ಸ್ಟುಡಿಯೋದಲ್ಲಿ ಹಾಡಿದ, ಮರುವರ್ಷವೇ ಅವನ ನಾಲ್ಕು ಹಾಡು ಒಟ್ಟಿಗೆ ಮೊದಲ ಹತ್ತರಲ್ಲಿದ್ದವು. ಅವನಿಗಿಂತ ಮುಂಚಿನ ಹಾಂಕಿಟಾಂಕ್ (ಬಾರ್‌ಗಳಲ್ಲಿ ಬೆಳೆದ ಕಂಟ್ರಿ ಶೈಲಿ) ಗಾಯಕರು ಗದ್ದಲದ ಬಾರ್‌ಗಳಲ್ಲಿ ಕೇಳಿಸಬೇಕೆಂದು ಎತ್ತರದ ದನಿಯಲ್ಲಿ, ನೇರವಾಗಿ ಎಸೆದು ಹಾಡುತ್ತಿದ್ದರು. ಲೆಫ್ಟಿ ಮೈಕನ್ನು ನಂಬಿದ. ದನಿ ಇಳಿಸಿದ, ಪದಗಳನ್ನು ಎಳೆದ. 1951ರ ‘ಆಲ್ವೇಸ್ ಲೇಟ್’ ಹಾಡಿನ ಮೊದಲೆರಡು ಪದ ಕೇಳಿ ಸಾಕು. ‘ಲೇಟ್’ ಅನ್ನುವ ಒಂದಕ್ಷರದ ಪದವನ್ನು ಮುರಿದು, ಬಗ್ಗಿಸಿ, ಇಳಿಸಿ, ಆಮೇಲಷ್ಟೇ ‘ಟ್’ ಮುಚ್ಚುತ್ತಾನೆ. ಹಾಡು ತಡವಾಗಿ ಬರುವ ಹೆಣ್ಣಿನ ಬಗ್ಗೆ, ಪದವೂ ತಡವಾಗಿಯೇ ಮುಗಿಯುತ್ತದೆ.

ಹ್ಯಾಗರ್ಡ್, ಜೋನ್ಸ್, ವಿಲ್ಲಿ ನೆಲ್ಸನ್, ಕೀತ್ ವಿಟ್ಲಿ, ರ‍್ಯಾಂಡಿ ಟ್ರಾವಿಸ್ ಎಲ್ಲರೂ ಈ ಶಾಲೆಯವರೇ. ವಿಲ್ಲಿ 1977ರಲ್ಲಿ ಲೆಫ್ಟಿಯ ಹಾಡುಗಳದ್ದೇ ಒಂದು ಆಲ್ಬಂ ಮಾಡಿ ಋಣ ತೀರಿಸಿದ. ಲೆಫ್ಟಿ 1975ರಲ್ಲಿ 47 ವರ್ಷಕ್ಕೇ ಹೋದ. ಅವನ ಹೆಸರಿನ ಸುತ್ತ ಪುರಾಣ ಬೆಳೆಯಲಿಲ್ಲ, ಅದಕ್ಕೇ ಪಟ್ಟಿ ಮಾಡುವವರು ಅವನನ್ನು ಹದಿನೈದು ಇಪ್ಪತ್ತರ ಆಚೆ ತಳ್ಳುತ್ತಾರೆ. ಇದು ಅನ್ಯಾಯ, ಇದರ ಬಗ್ಗೆ ನನಗೆ ನಿಜಕ್ಕೂ ಸಿಟ್ಟಿದೆ.

ಮರ್ಲ್ ಹ್ಯಾಗರ್ಡ್ ನನ್ನ ಪ್ರಕಾರ ಎರಡನೆಯವನು. ಅವನು ಸ್ಯಾನ್ ಕ್ವೆಂಟಿನ್ ಜೈಲಿನಲ್ಲಿದ್ದ ಕಥೆ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ಟಿವಿಯಲ್ಲಿ ಗ್ಲೆನ್ ಕ್ಯಾಂಬೆಲ್ ಕಾರ್ಯಕ್ರಮದಲ್ಲಿ ಅವನು ಮಾರ್ಟಿ ರಾಬಿನ್ಸ್, ಹ್ಯಾಂಕ್ ಸ್ನೋ, ಬಕ್ ಓವೆನ್ಸ್, ಕ್ಯಾಶ್ ಅವರ ದನಿಗಳನ್ನು ಅನುಕರಿಸಿದ್ದು ಸಿಗುತ್ತದೆ, ನೋಡಿ. ಅಷ್ಟು ಜನರ ದನಿ ಗಂಟಲಲ್ಲಿಟ್ಟುಕೊಂಡೂ ತನ್ನದನ್ನು ಕಳೆದುಕೊಳ್ಳಲಿಲ್ಲ. ಲೆಫ್ಟಿ ಸೇರಿ ಬರೆದ ‘ದಟ್ಸ್ ದ ವೇ ಲವ್ ಗೋಸ್’ ಹಾಡನ್ನು 1983ರಲ್ಲಿ ಹಾಡುವಾಗ ಗುರುವಿನ ಜಾರುಗಳನ್ನು ಅರ್ಧಕ್ಕೆ ಇಳಿಸಿ, ಮಂದ್ರದಲ್ಲಿ ಮೆತ್ತಗೆ ಕೂರಿಸಿದ್ದಾನೆ.

ಹ್ಯಾಂಕ್‌ಗೆ ನಾಲ್ಕನೇ ಜಾಗ. 1953ರ ಜನವರಿ 1ರಂದು 29ಕ್ಕೇ ತೀರಿಕೊಂಡವನು. ಅವನು ಹಾಡುಗಾರನಾಗಿ ಏನು ಅಂತ ತಿಳಿಯಲು ಅವನು ಬರೆಯದ ಹಾಡನ್ನೇ ಕೇಳಬೇಕು: 1949ರ ‘ಲವ್‌ಸಿಕ್ ಬ್ಲೂಸ್’, ಮೂಲತಃ 1922ರ ಹಾಡು. ದನಿ ಒಡೆದು ಯೋಡೆಲ್‌ಗೆ (ಎದೆಯ ದನಿಯಿಂದ ತೆಳು ಎತ್ತರದ ದನಿಗೆ ಥಟ್ಟನೆ ಜಿಗಿಯುವ ಹಾಡಿಕೆ) ಹಾರುವ ಜಾಗಗಳೆಲ್ಲ ಪೆಟ್ಟಿಗೆ ಸರಿಯಾಗಿವೆ. ಆ ಯೋಡೆಲ್ ದಾರಿ ತೋರಿಸಿದ್ದು ಜಿಮ್ಮಿ ರಾಜರ್ಸ್, 1927ರ ಆಗಸ್ಟ್‌ನಲ್ಲಿ ಟೆನೆಸಿಯ ಬ್ರಿಸ್ಟಲ್‌ನಲ್ಲಿ ಮೊದಲ ರೆಕಾರ್ಡ್ ಮಾಡಿ 1933ರಲ್ಲಿ ಕ್ಷಯದಿಂದ ಸತ್ತವನು.

ಕ್ಯಾಶ್ ಬಗ್ಗೆ ಬರೆದರೆ ಕಾಮೆಂಟಿನಲ್ಲಿ ಜಗಳ ಬರುತ್ತದೆ ಅಂತ ಗೊತ್ತು. 1956ರ ‘ಐ ವಾಕ್ ದ ಲೈನ್’ ಅದ್ಭುತ ರೆಕಾರ್ಡ್. ಡ್ರಮ್ ಇಲ್ಲದ್ದಕ್ಕೆ ಗಿಟಾರ್ ತಂತಿಗಳ ನಡುವೆ ಕಾಗದ ಸಿಕ್ಕಿಸಿ ಆ ಚರಚರ ಸದ್ದು ತಂದ. ಚರಣದಿಂದ ಚರಣಕ್ಕೆ ಶ್ರುತಿ ಬದಲಾಗುತ್ತದೆ, ಪ್ರತಿ ಸಲ ಹೊಸ ಶ್ರುತಿ ಹಿಡಿಯಲು ಮೊದಲು ‘ಹ್ಮ್’ ಅಂತ ಗುನುಗುತ್ತಾನೆ, ಕೊನೆಯ ಚರಣ ಒಂದು ಸ್ಥಾಯಿ ಕೆಳಗೆ. ಬುದ್ಧಿವಂತಿಕೆಗೆ ಪೂರ್ತಿ ಅಂಕ. ಆದರೆ ಆ ದನಿಯ ಓಡಾಟ ಚಿಕ್ಕ ಜಾಗದಲ್ಲಿ, ಜಾರು ಕಡಿಮೆ, ಶ್ರುತಿ ಆಗಾಗ ಅಲ್ಲಾಡುತ್ತದೆ. 1968ರ ಫಾಲ್ಸಮ್ ಜೈಲಿನ ರೆಕಾರ್ಡಿಂಗ್ ದೊಡ್ಡದಾಗಿರುವುದು ಕೈದಿಗಳ ಮುಂದೆ ಹಾಡಿದ ಆ ಎದುರುಬದುರಿನಿಂದ. ಕಲಾವಿದನಾಗಿ ಮೊದಲ ಮೂವರಲ್ಲಿ, ಗಾಯಕನಾಗಿ ಹನ್ನೆರಡರ ಆಸುಪಾಸು.

ವಿಲ್ಲಿ ಐದನೆಯವನು, ತಾಳದ ಹಿಂದೆ ನಡೆಯುವ ಕಲೆಗಾಗಿ. 1975ರ ‘ರೆಡ್ ಹೆಡೆಡ್ ಸ್ಟ್ರೇಂಜರ್’ ಎಷ್ಟು ಬರಿದಾಗಿತ್ತೆಂದರೆ ಕಂಪನಿಯವರು ಅದನ್ನು ಕರಡು ಅಂದುಕೊಂಡರು. ಆ ಬರಿದಿನಲ್ಲೇ ಅವನ ಉಸಿರು ಎಲ್ಲಿ ಬೀಳುತ್ತದೆ ಅಂತ ತಿಳಿಯುವುದು.

ಚಾರ್ಲಿ ಪ್ರೈಡ್‌ನನ್ನು ‘ಮೊದಲ ಕಪ್ಪು ತಾರೆ’ ಅಂತಷ್ಟೇ ಹೇಳಿ ಮುಂದೆ ಹೋಗುವವರನ್ನು ಕಂಡರೆ ಬೇಸರವಾಗುತ್ತದೆ. 1966ರಲ್ಲಿ ಆರ್‌ಸಿಎ ಕಂಪನಿ ಅವನ ಮೊದಲ ಹಾಡುಗಳನ್ನು ರೇಡಿಯೋಗಳಿಗೆ ಫೋಟೋ ಇಲ್ಲದೆ ಕಳಿಸಿತು, ಅದು ಇತಿಹಾಸ. ಆದರೆ 1971ರಲ್ಲೂ 1972ರಲ್ಲೂ ಸಿಎಂಎಯ (ಕಂಟ್ರಿ ಮ್ಯೂಸಿಕ್ ಅಸೋಸಿಯೇಶನ್) ವರ್ಷದ ಗಾಯಕ ಪ್ರಶಸ್ತಿ ಬಂದದ್ದು ಕಂಠಕ್ಕೆ. 1970ರ ‘ಈಸ್ ಎನಿಬಡಿ ಗೋಯಿನ್ ಟು ಸ್ಯಾನ್ ಆಂಟೋನ್’ ಕೇಳಿ: ಎದೆಯ ದನಿ ಎಲ್ಲೂ ತೆಳುವಾಗುವುದಿಲ್ಲ, ಒಂದು ಪದವೂ ನುಂಗಿಲ್ಲ. ಆರನೇ ಜಾಗ. ಏಳನೆಯದು ರೇ ಚಾರ್ಲ್ಸ್‌ಗೆ, 1962ರ ಕಂಟ್ರಿ ಆಲ್ಬಂಗಾಗಿ. ಅವನು ಕಂಟ್ರಿಯವನೇ ಅಲ್ಲ ಅನ್ನುವವರಿಗೆ ಹೇಳಬೇಕಾದ್ದು, ಕಂಟ್ರಿ ಹಾಲ್ ಆಫ್ ಫೇಮ್ ಕೂಡ 2021ರಲ್ಲಿ ಅವನನ್ನು ಆರಿಸಿತು.

ಎಂಟು ಜಿಮ್ ರೀವ್ಸ್. ಭಾರತದಲ್ಲಿ ಕಂಟ್ರಿ ಅಂದರೆ ತುಂಬಾ ಜನರಿಗೆ ಇವನೇ. ಬೆಂಗಳೂರು, ಮಂಗಳೂರಿನ ಕ್ರೈಸ್ತ ಮನೆಗಳಲ್ಲಿ ಕ್ರಿಸ್‌ಮಸ್ ಬಂದರೆ ಇವನ ದನಿ ಬರುತ್ತದೆ. 1957ರ ‘ಫೋರ್ ವಾಲ್ಸ್’ನಲ್ಲಿ ನಿರ್ಮಾಪಕ ಚೆಟ್ ಆಟ್ಕಿನ್ಸ್ ಜೊತೆ ಮೈಕಿಗೆ ತೀರಾ ಹತ್ತಿರ ನಿಂತು ಮೆಲ್ಲಗೆ ಹಾಡಿದ, ಅಲ್ಲಿಂದ ದಾರಿ ಬದಲಾಯಿತು. ಒಂಬತ್ತು ರೇ ಪ್ರೈಸ್. ಹತ್ತು ಕೀತ್ ವಿಟ್ಲಿ, 1989ರಲ್ಲಿ ಮದ್ಯಕ್ಕೆ ಬಲಿಯಾದವನು. ಲೆಫ್ಟಿಯ ‘ಐ ನೆವರ್ ಗೋ ಅರೌಂಡ್ ಮಿರರ್ಸ್’ ಹಾಡನ್ನು ಇವನ 1988ರ ಆಲ್ಬಂನಲ್ಲಿ ಕೇಳಿದರೆ ಇನ್ನೊಂದು ಹತ್ತು ವರ್ಷ ಸಿಕ್ಕಿದ್ದರೆ ಎಲ್ಲಿರುತ್ತಿದ್ದ ಅನ್ನಿಸದೆ ಇರದು. ಜಾರ್ಜ್ ಸ್ಟ್ರೇಟ್ ಹನ್ನೊಂದು. ಶುದ್ಧ, ತಪ್ಪಿಲ್ಲದ ಗಾಯನ, ಆದರೆ ಅಪಾಯಕ್ಕೆ ಕೈ ಹಾಕುವುದಿಲ್ಲ.

ಕ್ರಿಸ್ ಸ್ಟೇಪಲ್ಟನ್ ಈ ಸಾಲಿಗೆ ಬರುತ್ತಾನಾ ಅಂತ ಯುವಕರು ಕೇಳುತ್ತಾರೆ. ‘ಟೆನೆಸಿ ವಿಸ್ಕಿ’ಯನ್ನು 1981ರ ಡೇವಿಡ್ ಅಲನ್ ಕೋ, 1983ರ ಜೋನ್ಸ್, 2015ರ ಸ್ಟೇಪಲ್ಟನ್ ಈ ಕ್ರಮದಲ್ಲಿ ಕೇಳಿ. ಸ್ಟೇಪಲ್ಟನ್ ಅದನ್ನು ನಿಧಾನ ಮಾಡಿ ಸೋಲ್ ಸಂಗೀತದ (ಅಮೆರಿಕದ ಕಪ್ಪುಜನರ ಭಾವತುಂಬಿದ ಹಾಡಿನ ಶೈಲಿ) ಕಡೆ ಎಳೆದು ಹೊಸದೇ ಹಾಡು ಮಾಡಿದ್ದಾನೆ, ಕಂಠಬಲ ಅಪಾರ. ಆದರೆ ಅವನ ಅಲಂಕಾರಗಳು ಹೆಚ್ಚಾಗಿ ಸಾಲಿನ ಕೊನೆಗೆ, ಮಾತು ಮುಗಿದಮೇಲೆ ಬರುತ್ತವೆ. ಜೋನ್ಸ್‌ನ ಜಾರು ಮಾತಿನ ಒಳಗೇ ಇದೆ. ಸದ್ಯಕ್ಕೆ ಸ್ಟೇಪಲ್ಟನ್‌ನನ್ನು ಹದಿನೈದರ ಹತ್ತಿರ ಇಡುತ್ತೇನೆ. ಮೂರನೇ ಜಾಗ ಯಾರದು ಅಂತ ಯಾರಿಗಾದರೂ ಅನುಮಾನ ಇದ್ದರೆ: ಲೆಫ್ಟಿ.